ಮೂರು ದಿನ ಮುಚ್ಚದ ಗಿರಣಿ

ಮೊಮ್ಮಗಳು ಕಳೆದ ವಾರ ಮನೆಯಲ್ಲೇ ಹಿಟ್ಟು ಬೀಸುವ ಯಂತ್ರವೊಂದನ್ನು ತಂದು ಅಡುಗೆಮನೆಯ ಮೂಲೆಯಲ್ಲಿಟ್ಟಳು. ಜೋಳ ಸುರಿದು ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಿಸಿ ಹಿಟ್ಟಿನ ವಾಸನೆ ಮನೆಯೆಲ್ಲ ತುಂಬಿತು. ಎಲ್ಲರೂ ಹಿಗ್ಗಿದರು. ನನಗೆ ಮಾತ್ರ ಸಿಟ್ಟು ಬಂತು. ಅರವತ್ತು ವರ್ಷದ ಸಿಟ್ಟು ಅದು, ಇನ್ನೂ ಹಳಸಿಲ್ಲ.

ಅರವತ್ತೈದನೆಯ ಇಸವಿಯಲ್ಲಿ ನಾನು ಮುಂಡಗೋಡದ ಮನೆಗೆ ಹೊಸ ಸೊಸೆ. ನಮ್ಮ ಹಿತ್ತಿಲಿಗೂ ಪಕ್ಕದ ಹಿತ್ತಿಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಆ ಕಡೆಯವಳನ್ನು ನಾನು ಗಿರಣಿಯಕ್ಕ ಎನ್ನುತ್ತಿದ್ದೆ. ಆಕೆಯ ಗಂಡ ಸೈನ್ಯದಲ್ಲಿದ್ದು ಊರಿಗೆ ಬಂದವ, ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಹಾಕಿದ್ದ. ಆ ಬೇಸಿಗೆಯಲ್ಲಿ ಅವನಿಗೆ ಮರಳಿ ಕರೆ ಬಂತು, ಹೋದ. ಅವನಣ್ಣ ಪಕ್ಕದ ಹಳ್ಳಿ ಇಂದೂರಿನಲ್ಲಿ ಹೊಲ ನೋಡಿಕೊಂಡಿದ್ದವ. ಇಂಜಿನ್ನಿನ ಬಾಲ ಯಾವುದು ತಲೆ ಯಾವುದು ಅವನಿಗೆ ಗೊತ್ತಿರಲಿಲ್ಲ. ಒಂದು ವಾರ ಗಿರಣಿ ಬಂದ್ ಆಗಿತ್ತು. ಎಂಟನೆಯ ದಿನ ಗಿರಣಿಯಕ್ಕ ಸೆರಗು ಸೊಂಟಕ್ಕೆ ಬಿಗಿದು ಹ್ಯಾಂಡಲ್ ತಿರುಗಿಸಿದಳು. ಇಂಜಿನ್ ಹೊಗೆ ಉಗುಳಿ ಎದ್ದಿತು.

ಓಣಿಯ ಹಿರಿಯರಿಗೆ ಇದು ನುಂಗಲಾರದ ತುತ್ತು. ಬೇರೆ ದಾರಿಯಿಲ್ಲದೆ ಒಪ್ಪಿದರು, ಒಂದು ಷರತ್ತು ಹಾಕಿದರು. ತಿಂಗಳಿಗೊಮ್ಮೆ ಹೊರಗಾದಾಗ ಮೂರು ದಿನ ಗಿರಣಿ ಮುಚ್ಚಬೇಕು. ನಮ್ಮವು ಲಿಂಗ ಕಟ್ಟಿಕೊಂಡ ಮನೆತನಗಳು. ನಮಗೆ ಸೂತಕವಿಲ್ಲ ಎಂದು ಹೇಳಿಕೊಳ್ಳಲು ಎಲ್ಲರಿಗೂ ಉದ್ದ ನಾಲಿಗೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಹಾಗೆ ಒಬ್ಬ ಹೆಂಗಸಿನ ಮುಟ್ಟಿನ ದಿನಗಳನ್ನು ಇಡೀ ಓಣಿ ಗಿರಣಿಯ ಬಾಗಿಲು ನೋಡಿ ತಿಳಿದುಕೊಳ್ಳತೊಡಗಿತು. ಗಂಡಸರು ಕೂಡ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಯುದ್ಧ ಶುರುವಾಯಿತು. ಚಹಾದಂಗಡಿಯ ರೇಡಿಯೋ ಮುಂದೆ ಕುಳಿತು ಗಂಡಸರು ಯುದ್ಧ ಗೆಲ್ಲುತ್ತಿದ್ದರು. ಅವರು ತಿನ್ನುವ ರೊಟ್ಟಿಗೆ ಹಿಟ್ಟು ಬೀಸುವವಳು ಗಿರಣಿಯಕ್ಕನೇ. ಊರಿನ ಇನ್ನೊಂದು ಗಿರಣಿ ಎಣ್ಣೆ ಸಿಗದೆ ನಿಂತಿತ್ತು. ಈಕೆ ಒಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿ ಎಣ್ಣೆ ತಂದಳು. ಅದಕ್ಕೂ ಆಡಿಕೊಂಡರು, ಆಡಿಕೊಳ್ಳುತ್ತಲೇ ಚೀಲ ಹೊತ್ತು ಸಾಲಿನಲ್ಲಿ ನಿಂತರು. ಹಳ್ಳಿಗಳಿಂದಲೂ ಜನ ಬರುತ್ತಿದ್ದರು. ಗಂಡನ ಪತ್ರ ಮಾತ್ರ ಒಂದೂ ಬಂದಿರಲಿಲ್ಲ...

ಆ ತಿಂಗಳು ಗಿರಣಿಯ ಬಾಗಿಲು ಮುಚ್ಚಲಿಲ್ಲ.

ಯಾಕೆಂದು ನನಗೆ ಗೊತ್ತಿತ್ತು. ಹಿತ್ತಿಲ ಹಗ್ಗದ ಮೇಲೆ ಹಳೆಯ ಸೀರೆಯ ಅಡಿಯಲ್ಲಿ ಆಕೆ ಒಣಹಾಕಿದ್ದ ಬಟ್ಟೆಗಳನ್ನು ಗೋಡೆಯ ಮೇಲಿಂದ ನೋಡಿದ್ದೆ. ನಾನು ನೋಡಿದ್ದನ್ನು ಆಕೆಯೂ ನೋಡಿದಳು. ಅಷ್ಟು ಜನ ಕಾಳು ಹೊತ್ತು ನಿಂತಿರುವಾಗ ಆಕೆ ಯಾರಿಗೆಂದು ಬಾಗಿಲು ಮುಚ್ಚಿಯಾಳು? ಅದೇ ದಿನ ಅತ್ತೆ ಕೊಟ್ಟ ಮಹಾನವಮಿಯ ಗೋದಿಯನ್ನು ನಾನೂ ಅಲ್ಲಿಯೇ ಬೀಸಿಸಿಕೊಂಡು ಬಂದೆ.

ಓಣಿ ಬೇರೆಯೇ ಅರ್ಥ ಮಾಡಿತು. ಬಾಗಿಲು ಮುಚ್ಚಲಿಲ್ಲ ಅಂದರೆ ಮುಟ್ಟು ನಿಂತಿದೆ. ಗಂಡ ಹೋಗಿ ನಾಲ್ಕು ತಿಂಗಳು. ಮುಂದಿನದನ್ನು ಬಾಯಿಂದ ಬಾಯಿಗೆ ಬೆಳೆಸಲು ಎರಡು ದಿನ ಸಾಕಾಯಿತು. ಸುದ್ದಿ ಇಂದೂರಿಗೂ ಮುಟ್ಟಿ ಗಂಡನಣ್ಣ ಬಂದ. ನಾನೂ ಅತ್ತೆಯೂ ಜೋಳದ ಬುಟ್ಟಿ ಹಿಡಿದು ಆಗ ಅಲ್ಲೇ ಇದ್ದೆವು. ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಗಿರಣಿಯ ಹೊಸ್ತಿಲಲ್ಲೇ ಕೇಳಿದ.

"ಈ ತಿಂಗಳ ಬಾಗಲಾ ಯಾಕ ಹಾಕಲಿಲ್ಲ? ಯಾರದ ಅದು?"

ಗಿರಣಿಯಕ್ಕ ಇಂಜಿನ್ ನಿಲ್ಲಿಸಿದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಅಳುತ್ತಾಳೆಂದು ಎಲ್ಲರೂ ಕಾದಿದ್ದರು.

"ನನ್ನ ಹೊಟ್ಟ್ಯಾಗ ಏನೂ ಇಲ್ರಿ, ಭಾವಾರ. ಆ ಮೂರೂ ದಿನ ನಾ ಗಿರಣಿ ನಡಸೇನಿ. ನಾ ಬೀಸಿದ್ದು ಇವರೆಲ್ಲಾರ ಹೊಟ್ಟ್ಯಾಗ ಐತಿ."

ಆಕೆಯ ಮಾತು ನಿಜವೆಂದರೆ ಇಡೀ ಓಣಿ ಮೈಲಿಗೆಯ ರೊಟ್ಟಿ ತಿಂದಂತೆ. ಸುಳ್ಳೆಂದರೆ ಒಬ್ಬಳು ಮಾತ್ರ ಕೆಟ್ಟವಳು. ಯಾವುದು ಅಗ್ಗವೋ ಅದನ್ನೇ ಆರಿಸಿಕೊಂಡರು. ಮೊದಲು ಬಾಯಿ ತೆರೆದವಳು ನನ್ನ ಅತ್ತೆ.

"ಸುಳ್ಳ ಹೇಳ್ತಾಳ್ರಿ. ಯಾರ ನೋಡ್ಯಾರ?"

ಗಿರಣಿಯಕ್ಕ ನನ್ನ ಕಡೆ ತಿರುಗಿದಳು. ಒಂದೇ ಸಲ. ಕೈ ಮುಗಿಯಲಿಲ್ಲ, ಬೇಡಿಕೊಳ್ಳಲಿಲ್ಲ, ಸುಮ್ಮನೆ ನೋಡಿದಳು. "ನಾ ನೋಡೇನಿ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನೋಡಿಯೂ ಆ ಹಿಟ್ಟನ್ನು ಹಬ್ಬಕ್ಕೆಂದು ಯಾಕೆ ತಂದೆ ಎಂದು ಅತ್ತೆ ಕೇಳುತ್ತಿದ್ದಳು. ನನ್ನನ್ನೂ ತವರಿಗೆ ಅಟ್ಟುತ್ತಿದ್ದಳು. ನಾನು ಬುಟ್ಟಿಯೊಳಗಿನ ಜೋಳ ನೋಡುತ್ತ ನಿಂತೆ. ಹೇಡಿ ನಾನು. ವಯಸ್ಸು ಚಿಕ್ಕದಿತ್ತು ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ, ಅದೂ ಹೇಡಿತನವೇ.

ಭಾವ ಗಿರಣಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮರುದಿನ ಬೆಳಗ್ಗೆ ಒಂದು ಟ್ರಂಕಿನೊಂದಿಗೆ ಆಕೆಯನ್ನು ತವರೂರಾದ ಹಳಿಯಾಳದ ಬಸ್ಸು ಹತ್ತಿಸಿದ. ಅತ್ತೆ ಆ ಹಿಟ್ಟನ್ನು ಚೆಲ್ಲಲಿಲ್ಲ, ಚೆಲ್ಲಿದರೆ ಗಿರಣಿಯಕ್ಕನ ಮಾತು ನಿಜವಾಗುತ್ತಿತ್ತಲ್ಲ. ಅದರಲ್ಲೇ ಮಹಾನವಮಿಯ ಹೋಳಿಗೆ ಮಾಡಿದೆವು. ಎಲ್ಲರೂ ತುಪ್ಪ ಹಾಕಿಕೊಂಡು ತಿಂದರು.

ಹಡೆಯುವ ತಿಂಗಳು ಬಂತು, ಹೋಯಿತು. ಕೂಸಿನ ಸುಳಿವಿಲ್ಲ. "ತಗಿಸಿರಬೇಕು" ಎಂದರು, ಅಷ್ಟೇ. ಗಂಡ ಯುದ್ಧದಿಂದ ಜೀವಂತ ಬಂದ. ಹಳಿಯಾಳಕ್ಕೆ ಕರೆಯಲೂ ಹೋದನಂತೆ. "ಗಿರಣಿ ಕೀಲಿ ನನ್ನ ಕೈಯಾಗ ಕೊಟ್ರ ಬರ್ತೇನಿ" ಎಂದಳಂತೆ ಆಕೆ. ಅಣ್ಣನನ್ನು ಕೀಲಿ ಕೇಳುವ ಧೈರ್ಯ ಈ ಶೂರನಿಗೆ ಇರಲಿಲ್ಲ. ಬರಿಗೈಯಲ್ಲಿ ತಿರುಗಿ ಬಂದ.

ಹತ್ತು ವರ್ಷದ ನಂತರ ಒಮ್ಮೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಆಕೆ ಎದುರಾದಳು. ಹುಬ್ಬಿನ ಮೇಲೆ ಹಿಟ್ಟಿತ್ತು. ಎಲ್ಲೋ ಒಂದು ಗಿರಣಿಯಲ್ಲಿ ದುಡಿಯುತ್ತಿದ್ದಿರಬೇಕು, ನಾನು ಕೇಳಲಿಲ್ಲ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಆಕೆ ಅವಕಾಶ ಕೊಡಲಿಲ್ಲ.

"ಹಬ್ಬದ ಹೋಳಿಗಿ ಚಲೋ ಆಗಿದ್ದೂವೇನ, ತಂಗಿ?"

ಅಷ್ಟು ಕೇಳಿ ನಡೆದುಬಿಟ್ಟಳು. ಮತ್ತೆ ನಾನು ಆಕೆಯನ್ನು ನೋಡಲಿಲ್ಲ... ತೀರಿಕೊಂಡ ಸುದ್ದಿ ಬಂದದ್ದು ತೀರಿಕೊಂಡು ಎಷ್ಟೋ ತಿಂಗಳಾದ ಮೇಲೆ.

ನಿನ್ನೆ ಮೊಮ್ಮಗಳು ಗೋದಿಯ ಡಬ್ಬಿ ಹಿಡಿದು ಯಂತ್ರದ ಮುಂದೆ ನಿಂತು ಕೇಳಿದಳು, "ಅಜ್ಜಿ, ಇವತ್ತ ನಾ ಮುಟ್ಟಾಗೇನಿ. ಬೀಸಲ್ಯೋ ಬ್ಯಾಡೋ?"

"ಬೀಸವಾ" ಎಂದೆ. ಆಮೇಲೆ ತಡೆಯಲಾಗದೆ, "ನಾ ನೋಡೇನಿ" ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

"ಏನ ನೋಡೀರಿ, ಅಜ್ಜಿ?"

ಅವಳನ್ನು ಹತ್ತಿರ ಕೂಡಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಅತ್ತಳು. ಕೇಳಬೇಕಾಗಿದ್ದವಳು ಅವಳಲ್ಲ.