ಒಂದೇ ಒಂದು ಡೌಟಿನ ಹುಡುಗಿ

ಪ್ರತಿ ಬ್ಯಾಚಿನಲ್ಲೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಪಾಠ ಮುಗಿಸಿ ನಾನು ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುವ ಮೊದಲೇ ಮೇಜಿನ ಮುಂದೆ ನಿಂತಿರುತ್ತಾಳೆ: "ಮೇಡಂ, ಒಂದೇ ಒಂದು ಡೌಟು." ಆ ಒಂದರ ಹೊಟ್ಟೆಯಲ್ಲಿ ಏಳಿರುತ್ತವೆ. ಬೆಳಿಗ್ಗೆ ನನ್ನ ಕೋಣೆಯ ಬೀಗ ತೆಗೆಯುವ ಜವಾನನಿಗಿಂತ ಮುಂಚೆ ಬಂದಿರುತ್ತಾಳೆ. ನಾನೇ ಬರೆದು ನಾನೇ ಮರೆತ ಹಳೆಯ ಲೇಖನದ ಅಡಿಟಿಪ್ಪಣಿಯನ್ನೂ ಓದಿರುತ್ತಾಳೆ. "ಶಿಫಾರಸು ಪತ್ರಕ್ಕೆ ಗಾಳ ಹಾಕ್ತಿದಾಳೆ ನೋಡಿ" ಎಂದು ಸಹೋದ್ಯೋಗಿಗಳು ನಗುತ್ತಾರೆ. ಹಾಕಲಿ. ಸಂಶೋಧನೆಯ ಸೀಟು ನಿಂತಿರುವುದೇ ಆ ಪತ್ರದ ಮೇಲೆ. ಈ ಸಲದವಳಿಗಂತೂ ಅದು ಸಿಗದಿದ್ದರೆ ಅಪ್ಪನ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂರಬೇಕು. ಅವಳು ಕೊನೆಗೂ ಬಾಯಿಬಿಟ್ಟು ಪತ್ರ ಕೇಳಿದಾಗ, ನಮ್ಮ ವಿಭಾಗದ ಪದ್ಧತಿಯಂತೆ, "ಕರಡು ನೀನೇ ಬರ್ಕೊಂಡು ಬಾರಮ್ಮ, ನೋಡಿ ಸಹಿ ಹಾಕ್ತೀನಿ" ಎಂದೆ. ತಾವೇ ಬರೆದ ಕರಡಿನಲ್ಲಿ ಎಲ್ಲರೂ ಮಹಾ ಮೇಧಾವಿಗಳೇ. ಇವಳದರಲ್ಲಿ ಹೀಗಿತ್ತು: "ಮೊದಲ ವರ್ಷ ಎರಡು ಪ್ರಯೋಗ ಕೆಡಿಸಿದಳು. ಮೂರನೆಯದೂ ಕೆಟ್ಟಾಗ, ಏಕೆ ಕೆಟ್ಟಿತೆಂದು ತಿಳಿಯಲು ನಾಲ್ಕು ತಿಂಗಳು ಕೂತಳು. ತಿಳಿಯಿತು." "ಇದನ್ನ ಓದಿ ಯಾರಾದ್ರೂ ಸೀಟು ಕೊಡ್ತಾರೇನೇ?" ಎಂದು ಗದರಿದೆ. "ನೀವು ಕಣ್ಣಾರೆ ನೋಡಿದ್ದು ಅದನ್ನೇ ಅಲ್ವಾ ಮೇಡಂ? ನೀವು ನೋಡದೇ ಇರೋದನ್ನ ನಿಮ್ಮ ಹೆಸರಲ್ಲಿ ನಾನು ಹೇಗೆ ಬರೀಲಿ?" ಎಂದಳು. ನಾನು ಕರಡನ್ನು ಬದಿಗಿಟ್ಟು, ಹೊಸ ಹಾಳೆ ತೆಗೆದು, ಆ ನಾಲ್ಕು ತಿಂಗಳ ಮಾತಿನಿಂದಲೇ ಪತ್ರ ಶುರುಮಾಡಿದೆ. ಈವರೆಗೆ ನಾನು ಕೊಟ್ಟ ಪತ್ರಗಳೆಲ್ಲ ಅರ್ಧ ಪುಟದವು. ಇದು ಎರಡು ಪುಟವಾಯಿತು.