ಒಂದೇ ನಂಬರಿನ ಎರಡು ಪ್ರಿಂಟರ್

ಥೂ! ಮಾಂತುನ ಸುದ್ದಿ ತಗದ್ರ ಮೊದಲ ಆ ಭಜಿ ವಾಸನಿ ಮೂಗಿಗೆ ಬರತದ.

ನಾನು ತ್ರಿವೇಣಿ, ಪುಣೆದ ಕೋಥರೂಡ ಭಾಗದ ಒಂದು ರಕ್ತ ತಪಾಸಣಿ ಲ್ಯಾಬಿನ ಕೌಂಟರಿನ್ಯಾಗ ಕೂಡತೀನಿ. ಅಲ್ಲಿ ಕಂಪ್ಯೂಟರ್ ಜೋಡಣಿ ನೋಡಾವ ಮಾಂತು. ಅವರಪ್ಪ ಅಫಜಲಪುರದಿಂದ ಬಂದು ಪುಣೆದಾಗ ಸೆಂಟ್ರಿಂಗ್ ಕೆಲಸ ಮಾಡಿದಾವ. ಮಗ ಫಾಲ್ಸ್ ಸೀಲಿಂಗಿನ್ಯಾಗ ಇಲಿ ಹಿಕ್ಕಿ ನಡುವ ಹರದಾಡಿ, ಕೇಬಲ್ ಎಳಕೋತ ನೆಟ್‌ವರ್ಕ್ ಕಲ್ತ. "ಅಕ್ಕಾ, ಇದೂ ಬಿಲ್ಡಿಂಗ್ ಇದ್ದಂಗ. ತಳದಾಗ ವೈರ್, ಅದರ ಮ್ಯಾಲ ಅಡ್ರೆಸ್, ಅದರ ಮ್ಯಾಲ ಕಳಿಸಿದ್ದು ಮುಟ್ಟಿತೋ ಇಲ್ಲೋ ಅನ್ನೂ ಖಾತ್ರಿ, ತುದಿಗೆ ಪ್ರಿಂಟ್. ತಳಾ ಬಿಟ್ಟು ತುದಿ ನೋಡಬಾರದು," ಅಂತಿದ್ದ.

ಆ ದಿನ ಇಂದಾಪುರದಿಂದ ಎಸ್ಟಿ ಬಸ್ಸಿಗೆ ಬಂದ ದೇವೀರಮ್ಮ, ನಮ್ಮ ಕನ್ನಡ ಮಾತಿನ ಮುದುಕಿ, ಉಪಾಸ ಕುಂತಿದ್ಲು. ಮಧ್ಯಾಹ್ನ ಎರಡಕ್ಕ ದವಾಖಾನ್ಯಾಗ ಆಕಿ ಆಪರೇಶನ್. ರಿಪೋರ್ಟಿನ ಕಾಗದ ಇಲ್ಲಂದ್ರ ತಾರೀಖು ಮುಂದಿನ ತಿಂಗಳಿಗೆ. ನಾ ಮೂರು ಸಲ ಪ್ರಿಂಟ್ ಒತ್ತಿದೆ. ಒಂದೂ ಹಾಳಿ ಬರವಲ್ದು.

"ಸರ್ವರ್ ಡೌನ್ ಅದ ಅಂತ ಹೇಳು," ಅಂದ ಮಾಲಕ, ಹೆಸರಿಗಷ್ಟ ಧರ್ಮರಾಜ. ಹೇಳಿದೆ. ಮೂರು ದಿನದಿಂದ ಎಲ್ಲಾರಿಗೂ ಅದನ್ನ ಹೇಳಾಕತ್ತಿದ್ದೆ, ಬೈಸಿಕೊಳ್ಳಾವ ಮಾತ್ರ ಮಾಂತು.

ಬ್ಯಾರೆ ಕಡೆ ಕೆಲಸಕ್ಕ ಹೋಗಿದ್ದ ಮಾಂತು ಆಗಷ್ಟ ಬಂದು ತಳದಿಂದ ಶುರು ಮಾಡಿದ. ವೈರ್ ಸರಿ ಇತ್ತು. ನಮ್ಮ ಪ್ರಿಂಟರಿನ ವೈರ್ ಕಿತ್ತಿಟ್ಟು ಅದರ ಅಡ್ರೆಸ್ ನಂಬರ್ ಕಂಪ್ಯೂಟರಿನಿಂದ ಕರದ್ರ, ಇನ್ಯಾವುದೋ ಮಷಿನ್ ಓ ಅಂತು!

"ಸಾಹೇಬ್ರ ಕ್ಯಾಬಿನ್ಯಾಗ ಹೊಸಾ ಪ್ರಿಂಟರ್ ಬಂದದೇನಕ್ಕಾ?"

ಬಂದಿತ್ತು. ಧರ್ಮರಾಜನ ಭಾವಮೈದುನ ನಮ್ಮ ಪ್ರಿಂಟರಿಗೆ ಹಚ್ಚಿದ ನಂಬರಿನ ಚೀಟಿ ನೋಡಿ, ಇದು ಚಲೋ ನಡೀತದಲ್ಲ ಅಂತ ಅದೇ ನಂಬರ್ ಹೊಸಾದಕ್ಕೂ ಹಾಕಿದ್ನಂತ. ಶ್ಯಾಣ್ಯಾ!

ಕ್ಯಾಬಿನ್ ಬಾಗಿಲಾ ತಗದ್ವಿ. ಮೂರು ದಿನದ ರಿಪೋರ್ಟ್ ಅಲ್ಲೇ ಬಿದ್ದಿದ್ವು. ಒಂದರ ಮ್ಯಾಲ ಧರ್ಮರಾಜ ಉಳ್ಳಾಗಡ್ಡಿ ಭಜಿ ಇಟ್ಕೊಂಡು ತಿನ್ನಾಕತ್ತಿದ್ದ, ಇನ್ನೊಂದಕ್ಕ ಬೆರಳು ಒರಸ್ತಿದ್ದ. ಎಣ್ಣಿ ಕಲೆ ನಡುವ ದೇವೀರಮ್ಮನ ಹೆಸರು. ಹೊಟ್ಟಿಗೆ ಏನ ತಿಂತಾರಪಾ ಇಂಥ ಮಂದಿ!

"ರದ್ದಿ ಅಂತ ತಿಳದಿದ್ದೆ. ಇನ್ನೊಂದು ತಗೀ. ಹೊರಗ ಸರ್ವರ್ ಅಂತನ ಹೇಳು," ಅಂದ, ಬಾಯಾಗ ಭಜಿ ಇಟ್ಕೊಂಡ.

ಮಾಂತು ಆ ಪ್ರಿಂಟರಿನ ವೈರ್ ಕಿತ್ತ, ನಮ್ಮದು ಜೋಡಿಸಿದ. ಕೌಂಟರಿನ್ಯಾಗ ಚಲೋ ಹಾಳಿ ಬಂತು. ಅದನ್ನೂ ಆ ಎಣ್ಣಿ ಹಾಳಿನೂ ಹಿಡಕೊಂಡು ದೇವೀರಮ್ಮನ ಮುಂದ ನಿಂತ.

"ಇದು ತಗೋರಿ ಅಮ್ಮಾರ, ಲಗೂನ ನಡೀರಿ, ಇನ್ನೂ ಅರ್ಧಾ ತಾಸು ಅದ. ಸರ್ವರ್ ಚಲೋನ ಇತ್ರಿ. ನಿಮ್ಮ ರಿಪೋರ್ಟ್ ಮುಂಜಾನೆನ ಬಂದಿತ್ತು. ಇಕಾ, ಸಾಹೇಬ್ರು ಇದರ ಮ್ಯಾಲ ಭಜಿ ತಿಂದಾರ."

ಕುಂತವರೆಲ್ಲಾ ಕೇಳಿದ್ರು. ನಾಳಿಂದ ಬರಬ್ಯಾಡ ಅಂತ ಧರ್ಮರಾಜ ಚೀರಿದ. "ಹೂಂ ರೀ," ಅಂದು ಮಾಂತು ಚೀಲ ಹೆಗಲಿಗೆ ಹಾಕ್ಕೊಂಡ.

ದೇವೀರಮ್ಮ ಬಾಗಿಲದಾಗ ನಿಂತು ನನ್ನ ಕಡೆ ತಿರುಗಿದ್ಲು.

"ನೀ ನನಗ ಮುಂಜಾನಿಂದ ಏನಂತ ಹೇಳಿದಿ ಯವ್ವಾ?"

ಆ ಎಣ್ಣಿ ಹಾಳಿಗಿಂತ ನನ್ನ ಬಾಯೇ ಹೆಚ್ಚು ಹೊಲಸು ಅನಸ್ತು.