ಕಾರಹುಣ್ಣಿಮೆಯ ದಿನ ಟೋಲುಗೇಟು ತಪ್ಪಿಸಲು ಹೋಗಿ

ಆದವಾನಿಯ ಕೋಟೆ ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಬೀಳುವ ಮೊದಲೇ ನಮ್ಮ ಮೋಟಾರು ಊರು ಬಿಟ್ಟಿತು. ಯಜಮಾನರು ಮದರಾಸಿನಿಂದ ತರಿಸಿದ ಹಳೆಯ ಗಾಡಿ ಅದು; ಕ್ಯಾನ್ವಾಸಿನ ಚಾವಣಿ, ಪಕ್ಕಗಳಿಗೆ ನಾನೇ ಹೊಲಿದ ಹಸಿರು ಪರದೆ. ಅವರು ಅರಳೆ ವ್ಯಾಪಾರಿ. ಗಾಡಿಯನ್ನು ತಾವೇ ನಡೆಸುತ್ತಾರೆ. ಹಿಂದಿನ ಸೀಟಿನಲ್ಲಿ ನಾನು ಮತ್ತು ನಾದಿನಿ ಗಿರಿಜಾ. ಬಳ್ಳಾರಿಗೆ ನಲವತ್ತು ಮೈಲಿಯ ಮೇಲಾಗುತ್ತದೆ. ರೈಲಿನಲ್ಲಾದರೆ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಕಾಯಬೇಕು. ಆ ದಿನ ಕಾಯುವಂತಿರಲಿಲ್ಲ.

ಬಳ್ಳಾರಿಯಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ಉಪಾಧ್ಯಾಯಿನಿಯರ ತರಬೇತಿಗೆ ಹುಡುಗಿಯರನ್ನು ಆರಿಸುವ ಪರೀಕ್ಷೆ ಅಂದು ಬೆಳಿಗ್ಗೆ ಹತ್ತು ಗಂಟೆಗಿತ್ತು. ಅತ್ತೆಯವರು ಗಿರಿಜಾಳನ್ನು ಕಳಿಸಲು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಕಾರಹುಣ್ಣಿಮೆಯೆಂದು ಮಾಡಿದ ಹೋಳಿಗೆಯನ್ನು ಡಬ್ಬಿಗೆ ತುಂಬುತ್ತ ಮತ್ತೊಮ್ಮೆ ಹೇಳಿದರು: “ತಗೊಂಡ್ರ ಓದು. ಇಲ್ಲಾಂದ್ರ ಶ್ರಾವಣದಾಗ ಕೋಸಗಿ ಹುಡುಗನ ಕೂಡ ಮದಿವಿ. ಆಮ್ಯಾಲ ಅಳಂಗಿಲ್ಲ ನೋಡು.”

ಗಿರಿಜಾ ತಲೆಯಾಡಿಸಿದ್ದಳು. ದಾರಿಯುದ್ದಕ್ಕೂ ಅವಳ ತುಟಿ ಸದ್ದಿಲ್ಲದೆ ಮಗ್ಗಿ ಹೇಳುತ್ತಿತ್ತು.

ಆಲೂರಿನಲ್ಲಿ ಒಗ್ಗಾಣಿ, ಮಿರ್ಚಿ ತಿಂದೆವು, ಪ್ಲೇಟಿಗೆ ಒಂದಾಣೆ. ರಾತ್ರಿ ಒಂದು ಹದಮಳೆ ಬಿದ್ದು ಗಾಳಿ ತಣ್ಣಗಿತ್ತು. ಹಾಲಹರವಿ ಹತ್ತಿರವಾದಾಗ ದೂರದಲ್ಲಿ ಟೋಲುಗೇಟಿನ ಬಿದಿರುಗಳು ಕಂಡವು. ಈ ಗೇಟುಗಳನ್ನೆಲ್ಲ ತೆಗೆಯುತ್ತಾರಂತೆ ಎಂಬ ಮಾತು ಮದರಾಸಿನಿಂದ ಬರುತ್ತಲೇ ಇದೆ, ಗೇಟುಗಳೂ ಇದ್ದೇ ಇವೆ. ಯಜಮಾನರು ಗಾಡಿ ನಿಲ್ಲಿಸಿದರು. ಹೋದ ಸಲ ಗೇಟಿನವನು ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ ತಾನು ಒಳಗೆ ಕೂತು ಊಟ ಮುಗಿಸಿದ್ದ. ಆ ಸಿಟ್ಟು ಇವರಿಗೆ ಇನ್ನೂ ಇಳಿದಿರಲಿಲ್ಲ.

“ನಮ್ಮ ಜಿಲ್ಲಾ, ನಮ್ಮ ರಸ್ತಾ. ದಾಟಾಕ ಅವನ ಅಪ್ಪಣೆ ಯಾಕ ಬೇಕು? ಅರಳಿ ಬಂಡಿಯವರೆಲ್ಲ ಈ ಹೊಲದ ದಾರಿ ಹಿಡದು ಗೇಟಿನ ಆಚಿ ಹೋಗಿ ಸೇರ್ತಾರ.”

“ಅಣ್ಣ, ಎಂಟಾಣೆ ಕೊಟ್ಟು ಸೀದಾ ಹೋಗೋಣು,” ಎಂದಳು ಗಿರಿಜಾ.

“ರಾತ್ರಿ ಮಳೆ ಬಂದೈತಿ ರೀ,” ಎಂದೆ ನಾನು.

“ಮ್ಯಾಲೆಲ್ಲ ಒಣಗೇತಿ. ಸಿಕ್ಕೊಂಡ್ರ ಏನಾತು? ಇಲ್ಲಿ ಎತ್ತಿಗೇನು ಬರ ಐತೇನು? ಒಂದು ಜೋಡಿ ಕಟ್ಟಿದ್ರ ಮುಗೀತು.”

ಹೊಲದ ದಾರಿಯಲ್ಲಿ ಎರಡು ಫರ್ಲಾಂಗು ಚೆನ್ನಾಗಿಯೇ ಹೋದೆವು. ಆಮೇಲೆ ಒಂದು ತಗ್ಗಿನಲ್ಲಿ ಎರೆಮಣ್ಣು ಚಕ್ರಗಳನ್ನು ಮೆಲ್ಲಗೆ ನುಂಗಿತು. ಎಂಜಿನ್ನು ಗೊರಗುಟ್ಟಿದಷ್ಟೂ ಗಾಡಿ ಕೆಳಗಿಳಿಯಿತು. ಯಜಮಾನರು ಇಳಿದು ಊರ ಕಡೆ ಕೂಗಿದರು. ರೈತರು ಬಂದರು, ಹೆಂಗಸರು ಬಂದರು, ಅವರ ಹಿಂದೆ ಎತ್ತುಗಳೂ ಬಂದವು: ಕೊಂಬಿಗೆ ಕೆಂಪು ಹಸಿರು ಬಣ್ಣ, ಹಣೆಗೆ ಗೊಂಡೆ, ಕೊರಳಿಗೆ ಹೊಸ ಹಗ್ಗ.

ಅವನ್ನು ನೋಡಿದ ಮೇಲೆಯೇ ನಮಗೆಲ್ಲ ನೆನಪಾಯಿತು. ಹೋಳಿಗೆಯ ಡಬ್ಬಿ ಮಡಿಲಲ್ಲೇ ಇತ್ತು, ಹಬ್ಬ ಯಾರದೆಂಬುದೇ ಮರೆತುಹೋಗಿತ್ತು. ಕಾರಹುಣ್ಣಿಮೆಯಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

“ಇವತ್ತು ಕಟ್ಟಂಗಿಲ್ಲ ಸಾಮಿ,” ಎಂದ ಮುಂದೆ ನಿಂತಿದ್ದ ರೈತ. “ನಾಳಿ ಬರ್ರಿ, ನಾಕು ಜೋಡಿ ಕಟ್ತೀವಿ.”

ಯಜಮಾನರು ಜೇಬಿಗೆ ಕೈ ಹಾಕಿದರು. ಹನುಮವ್ವ ಎಂಬ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ಟೋಲು ಉಳಿಸಾಕ ಬಂದೋರು ನಮಗ ರೊಕ್ಕ ಕೊಡ್ತಾರಂತ, ಚೂಡಂಡಮ್ಮಾ, ನೋಡ್ರವ್ವಾ!” ಎಲ್ಲರೂ ನಕ್ಕರು. ಯಜಮಾನರ ಕಿವಿ ಕೆಂಪಾಯಿತು.

ಅಷ್ಟರಲ್ಲಿ ಗಿರಿಜಾ ಇಳಿದಿದ್ದಳು. ಚಪ್ಪಲಿಯನ್ನು ಸೀಟಿನ ಮೇಲಿಟ್ಟು, ಪರೀಕ್ಷೆಗೆಂದು ಉಟ್ಟ ಬಿಳಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದಳು. “ಎತ್ತು ಬ್ಯಾಡ್ರಿ. ಒಂದು ಹಗ್ಗ ಕೊಡ್ರಿ, ನಾನು ಎಳೀತೀನಿ.”

“ಒಸೇ ಪಿಲ್ಲಾ, ನೀನೊಬ್ಬಾಕಿ ಎಳೀತೀಯಾ? ಎಲ್ಲಿಗೆ ಅಷ್ಟು ಅವಸರ?” ಎಂದಳು ಹನುಮವ್ವ.

“ಬಳ್ಳಾರಿಗೆ ಪರೀಕ್ಷಾಕ. ಪಾಸಾದ್ರ ಸಾಲ್ಯಾಗ ಪಾಠ ಹೇಳೋ ಪಂತುಲಮ್ಮ ಆಗ್ತೀನಿ. ಇಲ್ಲಾಂದ್ರ ಶ್ರಾವಣದಾಗ ಮದಿವಿ.”

ಹನುಮವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತನ್ನ ಮಗ ಮತ್ತು ಉಳಿದ ಗಂಡಸರ ಕಡೆ ತಿರುಗಿ, “ಎತ್ತಿಗಿ ಇವತ್ತು ಹಬ್ಬ. ನಿಮಗೇನು ಬಂದೈತಿ? ಹಿಡೀರಿ!” ಎಂದಳು.

ಮುಂದಿನ ಕಂಬಿಗೆ ಹೊಸ ಹಗ್ಗಗಳನ್ನು ಬಿಗಿದರು. ಎತ್ತುಗಳು ಬದುವಿನ ಮೇಲೆ ನಿಂತು ಮೆಲುಕು ಹಾಕುತ್ತ ನೋಡಿದವು. ಮನುಷ್ಯರು ಎಳೆದರು. ಗಂಡಸರ ನಡುವೆ ಗಿರಿಜಾ, ಅವಳ ಹಿಂದೆ ಹನುಮವ್ವ, ಕೊನೆಗೆ ನಾನೂ. “ಏ ಸಾಹುಕಾರ್ರೇ, ಚುಕ್ಕಾಣಿ ನೆಟ್ಟಗ ಹಿಡೀರಿ, ಅದನ್ನಾರ ಮಾಡ್ರಿ!” ಎಂದು ಯಾರೋ ಕೂಗಿದರು. ಗಾಡಿ ಹಿಂದಕ್ಕೂ ಮುಂದಕ್ಕೂ ತೂಗಾಡಿ, ಕೊನೆಗೆ ಎದ್ದು ಗಟ್ಟಿ ನೆಲಕ್ಕೆ ಬಂತು. ಹೋಳಿಗೆಯನ್ನು ಅವರ ಕೈಗಿತ್ತು ಹೊರಟೆವು. ಮುಂದೆ ದಾರಿ ಇನ್ನೂ ಹಸಿ ಎಂದು ಅವರೇ ನಮ್ಮನ್ನು ಗೇಟಿನ ಕಡೆಗೆ ತಿರುಗಿಸಿ ಕಳಿಸಿದರು. ಯಜಮಾನರು ಎಂಟಾಣೆ ಎಣಿಸಿ ಟೋಲು ಕೊಟ್ಟರು.

ಹಗರಿ ಹೊಳೆಯಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಮರಳಿಗೆ ಹಾಸಿದ ಈಚಲುಗರಿಗಳ ಮೇಲೆ ದಾಟಿ ಬಳ್ಳಾರಿ ಸೇರುವಷ್ಟರಲ್ಲಿ ಬರೆಯುವ ಪರೀಕ್ಷೆ ಮುಗಿದಿತ್ತು. ಕಾನ್ವೆಂಟಿನ ಮುಖ್ಯಸ್ಥೆ ಮದರ್ ನನ್ನನ್ನು ಗುರುತಿಸಿ ನಕ್ಕರು, ಗಡಿಯಾರ ನೋಡಿ ತಲೆಯಾಡಿಸಿದರು. ನಾನು ಬೇಡಿಕೊಳ್ಳಲು ಬಾಯಿ ತೆರೆಯುವ ಮೊದಲೇ ಗಿರಿಜಾ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಅಣ್ಣ ಗೇಟು ತಪ್ಪಿಸಿದ್ದನ್ನೂ ಬಿಡಲಿಲ್ಲ. ಮದರ್ ಅವಳ ಅಂಗೈ ತಿರುಗಿಸಿ ನೋಡಿದರು. ಹಗ್ಗದ ಬರೆ ಕೆಂಪಗೆ ಎದ್ದಿತ್ತು.

“ಈ ಕೈಯಲ್ಲಿ ಇವತ್ತು ಬರೆಯಲಾಗದು. ಅದನ್ನು ನಾಳೆ ನೋಡೋಣ. ಈಗ ಚಿಕ್ಕ ಮಕ್ಕಳಿಗೆ ಒಂದು ಪಾಠ ಹೇಳು,” ಎಂದರು.

ನಾನು ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದೆ. ಸೀರೆಯಂಚಿನ ಕೆಸರು ಅಲ್ಲೇ ಒಣಗಿ ಉದುರುತ್ತಿತ್ತು. ಅವಳು ಹಲಗೆಯ ಮೇಲೆ ಬಣ್ಣದ ಕೊಂಬಿನ ಎತ್ತೊಂದನ್ನು ಬರೆದು, “ಇವತ್ತು ಇವನು ಯಾಕೆ ಕೆಲಸಕ್ಕೆ ಹೋಗಲಿಲ್ಲ, ಯಾರು ಹೇಳುತ್ತೀರಿ?” ಎಂದು ಕೇಳಿದಳು. ಎಲ್ಲ ಕೈಗಳೂ ಮೇಲೆದ್ದವು. ಸ್ವಲ್ಪ ಹೊತ್ತಿಗೆ ಇಡೀ ತರಗತಿ ಇಲ್ಲದ ಹಗ್ಗವೊಂದನ್ನು ಹಿಡಿದು ಇಲ್ಲದ ಮೋಟಾರನ್ನು ಎಳೆಯುತ್ತಿತ್ತು. ಮದರ್ ಬಾಯಿಗೆ ಕರವಸ್ತ್ರ ಹಿಡಿದು ನಗುತ್ತಿದ್ದರು. ಇವಳು ನಮ್ಮ ಮನೆಯವಳು ಎಂದು ಪಕ್ಕದಲ್ಲಿ ನಿಂತಿದ್ದ ಜವಾನನಿಗೆ ಹೇಳಿದೆ. ಅವನೇನೂ ನನ್ನನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಲೆಕ್ಕ, ಉಕ್ತಲೇಖನ ಬರೆದಳು. ಮಧ್ಯಾಹ್ನದ ಹೊತ್ತಿಗೆ ಸೇರಿಸಿಕೊಂಡರು. ಅವಳನ್ನು ಹಾಸ್ಟೆಲಿನಲ್ಲಿ ಬಿಟ್ಟು ನಾವಿಬ್ಬರೇ ಹಿಂತಿರುಗಿದೆವು.

ಹಾಲಹರವಿಯ ಹತ್ತಿರ ಯಜಮಾನರು ನಾನು ಕೇಳದೆಯೇ ಗಾಡಿ ನಿಲ್ಲಿಸಿದರು. ಹೊಲದಲ್ಲಿ ಎತ್ತುಗಳು ಇಂದು ನೊಗ ಹೊತ್ತು ನಡೆಯುತ್ತಿದ್ದವು; ಕೊಂಬಿನ ಬಣ್ಣ ಇನ್ನೂ ಹೊಸದಾಗಿತ್ತು. ಹನುಮವ್ವ ಬದುವಿನಿಂದಲೇ ಕೂಗಿ ಕೇಳಿದಳು, “ತಗೊಂಡ್ರೇನ್ರಿ ಆ ಹುಡುಗೀನ?”

“ತಗೊಂಡ್ರವ್ವಾ!” ಎಂದೆ ನಾನು.

“ಹಂಗಾರ ಓದು ಮುಗದ ಮ್ಯಾಲ ನಮ್ಮೂರಿಗೇ ಕಳಸ್ರಿ. ಆದವಾನಿಯವರು ಕೇಳಿದ್ರ ಕೊಡಬ್ಯಾಡ್ರಿ. ಎಳದೋರು ನಾವು.”

“ಸರ್ಕಾರ ಎಲ್ಲಿಗೆ ಹಾಕ್ತೈತೋ ಏನೋ...” ಎಂದು ಯಜಮಾನರು ಶುರುಮಾಡಿದರು. ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಆಗಲೇ ಆಚೆ ಹೊಲದ ಕಡೆ ತಿರುಗಿದ್ದಳು. “ಏ ಲಕ್ಷ್ಮೀ, ನಮ್ಮ ಪಂತುಲಮ್ಮ ಪಾಸಾದಳಂತ!”

ಆ ಕೂಗು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುವುದನ್ನು ನಾನು ಪರದೆ ಸರಿಸಿ, ಹಿಂದೆ ತಿರುಗಿ, ಕೇಳಿಸುವವರೆಗೂ ಕೇಳಿದೆ. ಅತ್ತೆಯವರಿಗಿಂತ ಮೊದಲು ಹಾಲಹರವಿಯ ಹೊಲಗಳಿಗೆಲ್ಲ ಸುದ್ದಿ ಮುಟ್ಟಿತ್ತು.